ಗೆಳೆಯನಿಗೊಂದು ಪತ್ರ: ನಾನು ವಕೀಲೆ ಅಲ್ಲ ಕಣೋ

ಗೆಳೆಯಾ,

ಹೋದ ವಾರ ನೀನು ಫೋನಿನಲ್ಲಿ "ದಿನಾ ಕೋರ್ಟಿಗೆ ಹೋಗ್ತೀಯಂತೆ, ಯಾವಾಗ ಲಾ ಓದಿದೆ?" ಅಂತ ಕೇಳಿ ನಕ್ಕೆ. ಆಗ ನಾನು ಕುಷ್ಟಗಿ ಬಸ್ಸಿನಲ್ಲಿ ನಿಂತಿದ್ದೆ, ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಈಗ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಕರಿಕೋಟು ಇಲ್ಲ. ಕೋರ್ಟಿನೊಳಗೆ ನಾನು ಬಾಯಿ ತೆರೆಯುವುದೂ ಇಲ್ಲ. ನನ್ನ ಕೆಲಸದ ಹೆಸರು ಸಪೋರ್ಟ್ ಪರ್ಸನ್. ಸರ್ಕಾರಿ ಕಾಗದದಲ್ಲಿ 'ಬೆಂಬಲ ವ್ಯಕ್ತಿ'. ಹಳ್ಳಿಗಳಲ್ಲಿ 'ಕೇಸಿನ ಅಕ್ಕಾರು' ಅನ್ನುತ್ತಾರೆ, ನನಗೆ ಅದೇ ಇಷ್ಟ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾನೂನಿನಡಿ ಕೇಸು ದಾಖಲಾದರೆ ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಸಮಿತಿಯವರು ನಮ್ಮಂಥವರಲ್ಲಿ ಒಬ್ಬರನ್ನು ಆ ಮಗುವಿನ ಜೊತೆಗೆ ಹಾಕುತ್ತಾರೆ. ಆಸ್ಪತ್ರೆ, ಠಾಣೆ, ಕೋರ್ಟು, ಶಾಲೆ, ಬ್ಯಾಂಕು, ಎಲ್ಲ ಕಡೆ ಜೊತೆಗಿರುವುದು ನಮ್ಮ ಕೆಲಸ.

ಮಗುವಿನ ಹೆಸರು, ಊರು, ಓಣಿ ಏನೂ ಹೇಳುವುದಿಲ್ಲ. ಹೇಳಿದರೆ ಅದೇ ಕಾನೂನು ನನ್ನನ್ನೂ ಹಿಡಿಯುತ್ತದೆ. ಕೆಲವು ವಿವರ ಬೇಕಂತಲೇ ಬದಲಿಸಿದ್ದೇನೆ.

ಒಂದು ಹುಡುಗಿ. ಐದನೇ ಕ್ಲಾಸು. ಮಾಡಿದವನು ದಿನಾ ಮನೆಗೆ ಬಂದು ಊಟ ಮಾಡಿ ಹೋಗುತ್ತಿದ್ದ ಸಂಬಂಧಿಕ. (ಗೊತ್ತಿಲ್ಲದವನು ಅಂತ ನಾನು ಕಂಡಿದ್ದು ಬಹಳ ಕಡಿಮೆ.) ಹೇಳಿಕೆ ತೆಗೆದುಕೊಳ್ಳಲು ಪೊಲೀಸರು ಮಗುವನ್ನು ಠಾಣೆಗೆ ಎಳೆಯುವಂತಿಲ್ಲ, ಮಗು ಇರುವಲ್ಲಿಗೇ ಅವರು ಬರಬೇಕು. ಆದಷ್ಟು ಮಟ್ಟಿಗೆ ಮಹಿಳಾ ಸಬ್ ಇನ್ಸ್‌ಪೆಕ್ಟರ್ ಬರಬೇಕು. ಯೂನಿಫಾರ್ಮ್ ಹಾಕಬಾರದು. ಮೇಡಂ ಬಂದರು, ಚೂಡಿದಾರದಲ್ಲೇ ಬಂದರು, ಪಾಪ, ಮೆತ್ತಗೆ ಮಾತಾಡಿದರು. ಆದರೆ ಮೇಲೆ ಲೈಟು, ಬದಿಗೆ 'ಪೊಲೀಸ್' ಅಂತ ಬರೆದ ಜೀಪು ಮನೆ ಬಾಗಿಲಿಗೇ ನಿಂತಿತ್ತು! ಇಡೀ ಓಣಿ ಕಟ್ಟೆಗೆ ಬಂದು ಕೂತಿತು. ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತು. ಈಗ ನಾನು ಮೊದಲೇ ಫೋನ್ ಮಾಡಿ, "ಮೇಡಂ, ಜೀಪು ಬಸ್ ಸ್ಟ್ಯಾಂಡಿನಲ್ಲೇ ಇರಲಿ" ಅನ್ನುತ್ತೇನೆ.

ಮೊದಲ ಮೂರು ಭೇಟಿಯಲ್ಲಿ ಆ ಹುಡುಗಿಯನ್ನು ನಾನು ಏನೂ ಕೇಳಲಿಲ್ಲ. ಅವಳು ಆಗಲೇ ಅವ್ವನಿಗೆ, ಶಾಲೆಯ ಅಕ್ಕೋರಿಗೆ, ಪೊಲೀಸರಿಗೆ, ಡಾಕ್ಟರಿಗೆ, ಮ್ಯಾಜಿಸ್ಟ್ರೇಟರಿಗೆ ಹೇಳಿ ಸುಸ್ತಾಗಿದ್ದಳು. ಸುಮ್ನೆ ಕೂತು ಶೇಂಗಾ ಬಿಡಿಸಿದೆವು. ಮೂರನೇ ದಿನ ಅವಳೇ, "ನೀವ್ಯಾಕ ಏನೂ ಕೇಳಂಗಿಲ್ಲ?" ಅಂದಳು. ನಾನು, "ನಾಳೆ ಶಾಲೆಗೆ ಬರ್ತೀಯಾ ಅಂತ ಕೇಳೋಣಾಂತಿದ್ದೆ" ಅಂದೆ. ಮುಂದಿನ ಸೋಮವಾರ ಹೋದಳು.

ಮಕ್ಕಳದ್ದು ಹೇಗೋ ದಾರಿಗೆ ಬರುತ್ತದೆ ಕಣೋ. ನನ್ನ ಬೆವರು ಜಾಸ್ತಿ ಇಳಿಯುವುದು ದೊಡ್ಡವರ ಹತ್ತಿರ.

ಕೇಸಾದ ಎಂಟು ದಿನಕ್ಕೆ ಹಿರಿಯರು ಬಂದರು. "ರಾಜಿ ಮಾಡಿಕೊಳ್ಳಿ, ಖರ್ಚಿಗೆ ಒಂದಿಷ್ಟು ಕೊಡಿಸ್ತೀವಿ." ಪೋಕ್ಸೊ ಕೇಸನ್ನು ಕಟ್ಟೆ ಮೇಲೆ ಮುಗಿಸಲು ಬರುವುದಿಲ್ಲ ಅಂತ ನಾನು ಹೇಳಿದರೆ, "ಈ ಅಕ್ಕಾರು ನಾಳೆ ಹೋಗ್ತಾರ, ನಾವು ಇಲ್ಲೇ ಇರೋರು" ಅಂದರು. ಸುಳ್ಳಲ್ಲ ಅದು. ಅದಕ್ಕೇ ಉತ್ತರ ಕೊಡಲು ಕಷ್ಟವಾಯಿತು. ಆಮೇಲೆ ಅಜ್ಜಿ ಇನ್ನೊಂದು ದಾರಿ ಹುಡುಕಿದಳು: "ದೊಡ್ಡವಳಾದ ಕೂಡ್ಲೆ ಮದುವಿ ಮಾಡಿ ಕಳಿಸಿಬಿಡೋಣ, ಕೋರ್ಟಿಗೆ ಹೋಗೋದೂ ತಪ್ಪತೈತಿ." ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹಕ್ಕೆ ಬೆಲೆಯೇ ಇಲ್ಲ. ಕರ್ನಾಟಕ ಮಾಡಿದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲ ದಿನದಿಂದಲೇ ಅಸಿಂಧು. ಅಜ್ಜಿಗೆ ಇದನ್ನು ನಾಲ್ಕು ಸಲ ಹೇಳಿದೆ. ಅವಳಿಗೆ ಅಷ್ಟೇನೂ ಹಿಡಿಸಲಿಲ್ಲ. ಕೊನೆಗೆ ಅವಳನ್ನು ತಡೆದಿದ್ದು ಕಾನೂನಲ್ಲ, ಹುಡುಗಿಯ ಅವ್ವ. "ನಂದು ಹದಿನಾಲ್ಕಕ್ಕ ಆತು. ಏನು ಸುಖ ಬಂತು?" ಅಂದು ಎದ್ದು ಹೋದಳು.

ಆದರೆ ಅವ್ವನೂ ಬಗ್ಗುವ ದಿನ ಬಂತು. ನಿನಗೆ ಗೊತ್ತಲ್ಲ, ಸುಗ್ಗಿ ಮುಗಿದರೆ ನಮ್ಮ ಕಡೆ ಅರ್ಧ ಊರು ಗುಳೆ ಹೋಗುತ್ತದೆ. ಇವರೂ ಬೆಂಗಳೂರಿಗೆ ಹೋದರು, ಬಿಲ್ಡಿಂಗ್ ಕೆಲಸಕ್ಕೆ. ಸಮನ್ಸ್ ಬಂದಾಗ ಮನೆಗೆ ಬೀಗ. ಹೊಸ ನಂಬರ್ ಹುಡುಕಿ ಫೋನ್ ಮಾಡಿದರೆ ಅವ್ವ ಅಂದಿದ್ದು: "ಅಕ್ಕಾರ, ಬರೋದಕ್ಕ ಎರಡು ದಿನ, ಹೋಗೋದಕ್ಕ ಎರಡು ದಿನ. ಕೂಲಿ ಹೋಗತೈತಿ. ಹೋದ ಸಲ ಬಂದ್ರ ಮುಂದಕ್ಕ ಹಾಕಿದ್ರು." ಸಾಕ್ಷಿಗಳು ಉಲ್ಟಾ ಹೊಡೆಯುತ್ತಾರೆ ಅಂತ ಜನ ಬೈಯುತ್ತಾರಲ್ಲ, ಅದು ಹೀಗೆ ಶುರುವಾಗುತ್ತದೆ. ಆಮಿಷಕ್ಕಿಂತ ಮೊದಲು ದಣಿವು ಬರುತ್ತದೆ.

ಹೋದ ಸಲದ್ದರಲ್ಲಿ ನನ್ನ ತಪ್ಪೂ ಇದೆ. "ಇವತ್ತು ಮುಗಿಯುತ್ತೆ, ಆಮೇಲೆ ಬರೋದೇ ಬೇಡ" ಅಂತ ಹುಡುಗಿಗೆ ನಾನೇ ಹೇಳಿದ್ದೆ. ಸಂಜೆ ನಾಲ್ಕಕ್ಕೆ ವಾಯಿದೆ, ಅಂದರೆ ಮುಂದಿನ ತಾರೀಖು, ಕೊಟ್ಟರು. ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕೂರಲಿಲ್ಲ, ಹಿಂದಿನ ಸೀಟಿಗೆ ಹೋದಳು. ಅವತ್ತಿನಿಂದ ಯಾವ ಮಗುವಿಗೂ ನಾನು ಕೋರ್ಟಿನ ಪರವಾಗಿ ಮಾತು ಕೊಡುವುದಿಲ್ಲ. "ನಾನು ಬರ್ತೀನಿ" ಅನ್ನುತ್ತೇನೆ, ಅಷ್ಟೇ.

ಪುಸ್ತಕದಲ್ಲಿ ಏನಿದೆ ಗೊತ್ತಾ? ಕೋರ್ಟು ಕೇಸು ಕೈಗೆತ್ತಿಕೊಂಡ 30 ದಿನದಲ್ಲಿ ಮಗುವಿನ ಸಾಕ್ಷಿ ಮುಗಿಯಬೇಕು, ಸಾಧ್ಯವಾದಷ್ಟು ಒಂದು ವರ್ಷದಲ್ಲಿ ವಿಚಾರಣೆ. ಐದನೇ ಕ್ಲಾಸಿನಲ್ಲಿ ನಡೆದದ್ದನ್ನು ಈ ಹುಡುಗಿ ಏಳನೇ ಕ್ಲಾಸಿನಲ್ಲಿ ಹೇಳಿದಳು. ಎರಡು ವರ್ಷ ಮರೆಯಲೂಬಾರದು, ನೆನೆಯಲೂಬಾರದು ಅಂದರೆ ಹೇಗೆ?

ಕೊನೆಗೆ ಅವ್ವ ಬಂದಳು, ಹಂಪಿ ಎಕ್ಸ್‌ಪ್ರೆಸ್ ಹತ್ತಿ. ಬೆಳಿಗ್ಗೆ ಕೊಪ್ಪಳದ ಸ್ಟೇಷನ್ನಿನಲ್ಲಿ ಇಬ್ಬರನ್ನೂ ನೋಡಿ ನನಗೆ ಕಾಲಿನ ಬಲ ವಾಪಸ್ ಬಂತು. ಹೋದ ಸಲ ಬಂದಾಗಲೇ ಹುಡುಗಿಗೆ ಖಾಲಿ ಕೋರ್ಟು ಹಾಲ್ ತೋರಿಸಿದ್ದೆ: ಜಡ್ಜ್ ಮೇಡಂ ಇಲ್ಲಿ, ನೀನು ಇಲ್ಲಿ, ಪರದೆ ಇಲ್ಲಿ, ಅವನು ನಿನಗೆ ಕಾಣಿಸಲ್ಲ. ಬೇರೆ ಜನರನ್ನು ಒಳಗೆ ಬಿಡಲಿಲ್ಲ. ಅವನ ವಕೀಲರು ನೇರವಾಗಿ ಕೇಳುವಂತಿಲ್ಲ, ಪ್ರಶ್ನೆಯನ್ನು ಜಡ್ಜ್‌ಗೆ ಕೊಟ್ಟರೆ ಜಡ್ಜ್ ಮಗುವಿಗೆ ಕೇಳುತ್ತಾರೆ. "ಆಗ ಎಷ್ಟು ಗಂಟೆ?" ಅನ್ನುವ ಪ್ರಶ್ನೆ ಬಂತು. ಅವಳು ಸ್ವಲ್ಪ ಯೋಚಿಸಿ, "ಗಡಿಯಾರ ಗೊತ್ತಿರಲಿಲ್ಲ ಆಗ. ಎಮ್ಮಿ ಮನಿಗೆ ಬಂದಿದ್ವು" ಅಂದಳು. ಜಡ್ಜ್ ಮೇಡಂ ಹಾಗೆಯೇ ಬರೆಸಿದರು. ನಡುವೆ ಎರಡು ಸಲ ಬಿಡುವು ಕೊಟ್ಟರು. ಅವ್ವ ನನ್ನ ಕೈ ಹಿಡಿದ ರಭಸಕ್ಕೆ ಬಳೆ ಒತ್ತಿದ ಗುರುತು ಎರಡು ದಿನ ಇತ್ತು.

ಹೊರಗೆ ಬಂದು ಹುಡುಗಿ ಮೊದಲು ಕೇಳಿದ್ದು ಒಗ್ಗರಣಿ-ಮಿರ್ಚಿ. ಮೂರು ಮಿರ್ಚಿ ತಿಂದಳು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಬಂದು ಬ್ಯಾಗು ಇಟ್ಟಳು.

ತೀರ್ಪು ಇನ್ನೂ ಬಂದಿಲ್ಲ. ಮಧ್ಯಂತರ ಪರಿಹಾರದ ಹಣ ಮಂಜೂರಾಗಿದೆ, ಆದರೆ ಆಧಾರಿನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಬ್ಯಾಂಕಿಗೆ ಈಗಾಗಲೇ ನಾಲ್ಕು ಸಲ ಅಲೆದೆ. ನಾಳೆ ಐದನೆಯದು.

ಜಾತ್ರೆಗೆ ಬರುತ್ತೇನೆ ಅಂದಿದ್ದೀಯಲ್ಲ, ಬಾ. ಗವಿಮಠದ ದಾಸೋಹದಲ್ಲಿ ಊಟ ಮಾಡೋಣ. ಮಂಗಳವಾರ ಮಾತ್ರ ಬೇಡ. ಅವತ್ತು ಇನ್ನೊಂದು ಮಗುವಿನ ವಾಯಿದೆ ಇದೆ, ಬರ್ತೀನಿ ಅಂತ ಹೇಳಿದ್ದೇನೆ.

ನಿನ್ನ ಗೆಳತಿ