ಮೂರನೇ ಅಂಕಿಗೆ ಜಾಗ

ಪ್ರೀತಿಯ ಮಾಸ್ತರ,

‘ಸುದ್ದಿ ಬರೆಯೋರು ಬೇರೆ, ಫೋಟೊ ತೆಗೆಯೋರು ಬೇರೆ, ಹಾಗಾದ್ರೆ ದಿನವಿಡೀ ನೀನು ಮಾಡೋದೇನು?’ ಎಂದು, ಸುದ್ದಿಯ ಆಫೀಸಿನಲ್ಲಿ ಪರದೆಗೆ ಚಿತ್ರ, ನಕ್ಷೆ, ಅಕ್ಷರ ಜೋಡಿಸುವ ನನ್ನನ್ನು ನೀನು ಫೋನಿನಲ್ಲಿ ಕೇಳಿದೆ. ನಿನ್ನ ಒಂಬತ್ತನೇ ಕ್ಲಾಸಿನ ಮಕ್ಕಳೂ ಇದನ್ನೇ ಕೇಳುತ್ತಾರೆ ಅಂದೆಯಲ್ಲ, ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಅವರಿಗೂ ಓದಿ ಹೇಳು. ಹಾಸ್ಟೆಲ್ಲಿನ ಏಣಿಯ ವಿಷಯ ಇಲ್ಲಿ ಬರುವುದಿಲ್ಲ, ಧೈರ್ಯವಾಗಿರು.

ಒತ್ತಕ್ಷರದಿಂದ ಶುರು ಮಾಡುತ್ತೇನೆ. ಅದು ನಿನಗೆ ಇಷ್ಟದ ವಿಷಯ. ನೀನು ಗೋಡೆ ಬರೆಯುವಾಗ ಮೊದಲು ಚಾಕ್‌ಪೀಸಿನಲ್ಲಿ ಗೆರೆ ಎಳೆದು, ಎಲ್ಲಿ ಒತ್ತು ಬರುತ್ತದೆ ನೋಡಿ, ಅಲ್ಲಿಗೆ ಜಾಗ ಬಿಡುತ್ತಿದ್ದೆ. ‘ಸ್ವಾತಂತ್ರ್ಯ’ ಎಂದು ಬರೆಯಬೇಕಾದರೆ ಕೊನೆಯ ‘ತ’ಕ್ಕೆ ಎರಡು ಒತ್ತು, ಎರಡಕ್ಕೂ ಉಸಿರಾಡಲು ಜಾಗ. ಪರದೆಯ ಮೇಲೆ ಅದನ್ನು ಕಣ್ಣಳತೆಯಲ್ಲಿ ಮಾಡಲು ಆಗುವುದಿಲ್ಲ. ನಾಳೆ ಯಾವ ಪದ ಬರುತ್ತದೋ ಗೊತ್ತಿಲ್ಲ, ಚೌಕಟ್ಟು ಮಾತ್ರ ಇವತ್ತೇ ತಯಾರಾಗಿರಬೇಕು. ವೆಬ್‌ಸೈಟು, ಆ್ಯಪ್‌ಗಳ ಚೌಕಟ್ಟುಗಳು ಹೆಚ್ಚಾಗಿ ಇಂಗ್ಲಿಷ್ ಅಕ್ಷರಕ್ಕೆ ಅಳತೆ ಮಾಡಿದವು. ಸಾಲುಗಳ ನಡುವಿನ ಆ ಅಂತರದಲ್ಲೇ ಕನ್ನಡ ಸುರಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. ಬಟನ್ನಿನೊಳಗೆ ಒತ್ತು ಅರ್ಧಕ್ಕೆ ಕತ್ತರಿಸಿ ಹೋಗಿರುವುದನ್ನು ನೀನೂ ನೋಡಿರುತ್ತೀಯ. ಅಕ್ಷರದ ಒಂದೂವರೆ ಪಟ್ಟಿಗಿಂತ ಕಡಿಮೆ ಅಂತರಕ್ಕೆ ನಾನು ಒಪ್ಪುವುದಿಲ್ಲ. ‘ಒಂದು ಪರದೆಗೆ ಎರಡು ಸುದ್ದಿ ಕಡಿಮೆಯಾಗುತ್ತೆ’ ಎಂದು ಸಂಪಾದಕರು ಗೊಣಗುತ್ತಾರೆ. ಆಗಲಿ. ಓದಲು ಆಗದ ಸುದ್ದಿ ಎಷ್ಟಿದ್ದರೇನು?

ಇನ್ನು ನಮ್ಮ ಪದಗಳ ಉದ್ದ. ‘ವಿಶ್ವವಿದ್ಯಾಲಯಗಳಲ್ಲಿ’ ಎಂಬ ಒಂದೇ ಪದ ಚಿಕ್ಕ ಫೋನಿನ ಶೀರ್ಷಿಕೆಯಲ್ಲಿ ಒಂದು ಸಾಲನ್ನೇ ನುಂಗುತ್ತದೆ. ಈಚೆಗೆ ಅನೇಕ್ ಕನ್ನಡದಂಥ ಫಾಂಟ್‌ಗಳು ಬಂದಿವೆ. ಅವುಗಳಲ್ಲಿ ದಪ್ಪ ಮಾತ್ರವಲ್ಲ, ಅಕ್ಷರದ ಅಗಲವನ್ನೂ ಬೇಕಾದಷ್ಟು ಕುಗ್ಗಿಸಬಹುದು, ಹಿಗ್ಗಿಸಬಹುದು. ಯಾರು ಬೇಕಾದರೂ ದುಡ್ಡು ಕೊಡದೆ ಬಳಸಬಹುದು. ನಿನ್ನ ಶಾಲೆಯ ಕಂಪ್ಯೂಟರಿಗೂ ಹಾಕಿಕೋ. ಮುದ್ರಣದ ಪುಟದಿಂದ ಬರುವ ಬರಹದ ಗೋಳು ಬೇರೆಯೇ. ಅದು ಹಳೆಯ ಕಾಲದ ಫಾಂಟಿನಲ್ಲಿರುತ್ತದೆ. ಹಾಗೇ ಅಂಟಿಸಿದರೆ ಕನ್ನಡದ ಬದಲು ತಲೆಯ ಮೇಲೆ ಗೀಟು, ಸೊನ್ನೆ ಹೊತ್ತ ಇಂಗ್ಲಿಷ್ ಅಕ್ಷರಗಳು ಕಾಣಿಸುತ್ತವೆ. ಎಲ್ಲ ಫೋನು, ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡಿಗೆ ಬದಲಾಯಿಸಿದ ಮೇಲೂ ‘ರ‍್ಯಾಲಿ’ ಹೋಗಿ ಅರ್ಕಾವತ್ತು ಹೊತ್ತ ‘ರ್ಯಾಲಿ’ ಆಗಿರುತ್ತದೆ. ಒಂದೊಂದನ್ನೇ ತಿದ್ದಬೇಕು.

ಇದು ಕೈಕೆಲಸ. ನಿಜವಾದ ಕೆಲಸ ಬೇರೆ ಇದೆ.

ಕೆಆರ್‌ಎಸ್ ಪೂರ್ಣ ಮಟ್ಟ 124.80 ಅಡಿ ಎಂದು ನಮಗೆಲ್ಲ ಬಾಯಿಪಾಠ. ನೀರು 100 ಅಡಿಗೆ ಬಂದ ದಿನ ಒಂದು ತೊಟ್ಟಿಯ ಚಿತ್ರ ಬರೆದು ಐದರಲ್ಲಿ ನಾಲ್ಕು ಪಾಲು ನೀಲಿ ತುಂಬಿದರೆ ಯಾರೂ ತಪ್ಪು ಎನ್ನುವುದಿಲ್ಲ. ಅಡಿಯ ಲೆಕ್ಕಕ್ಕೆ ಅದು ಸರಿಯೇ. ಆದರೆ ಜಲಾಶಯ ಕೆಳಗೆ ಕಿರಿದು, ಮೇಲೆ ಹೋದಂತೆ ಅಗಲ. ಪೂರ್ತಿ ತುಂಬಿದಾಗ 49.45 ಟಿಎಂಸಿ ಅಡಿ ಹಿಡಿಯುವ ಕೆಆರ್‌ಎಸ್‌ನಲ್ಲಿ 100 ಅಡಿಗೆ ಇರುವ ನೀರು ಅರ್ಧಕ್ಕಿಂತ ಕಡಿಮೆ. ಮಂಡ್ಯದ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೆಂಗಳೂರಿನಲ್ಲಿ ನಲ್ಲಿ ತಿರುಗಿಸಿ ಕಾವೇರಿ ಕುಡಿಯುವವರಿಗೆ ಗೊತ್ತಿರುವುದಿಲ್ಲ. ಅವರು ಕೆಳಗಿನ ಬರಹ ಓದುವುದೂ ಇಲ್ಲ. ಅವರ ಪಾಲಿಗೆ ಆ ನೀಲಿ ಬಣ್ಣವೇ ಸುದ್ದಿ.

ಚುನಾವಣೆಯ ನಕ್ಷೆಯೂ ಅಷ್ಟೇ. 2023ರ ಮೇ 13ರಂದು 224 ಕ್ಷೇತ್ರಗಳ ಎಣಿಕೆ. ಎಲ್ಲರ ಕಣ್ಣು ಬಹುಮತದ 113ರ ಗೆರೆಯ ಮೇಲೆ. ರಾಜ್ಯದ ನಕ್ಷೆಗೆ ಪಕ್ಷಗಳ ಬಣ್ಣ ತುಂಬುತ್ತಾ ಹೋದರೆ ಉತ್ತರ ಕನ್ನಡ ಜಿಲ್ಲೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಗೊತ್ತಾ? ಅಲ್ಲಿರುವುದು 6 ಕ್ಷೇತ್ರ. ಅದರ ಕಾಲುಭಾಗದಷ್ಟೂ ಇಲ್ಲದ ಬೆಂಗಳೂರು ನಗರ ಜಿಲ್ಲೆಯಲ್ಲಿ 28. ಫೋನಿನಲ್ಲಿ ಆ 28ನ್ನೂ ಹೆಬ್ಬೆರಳಿನ ಉಗುರು ಮುಚ್ಚಿಬಿಡುತ್ತದೆ. ಕಾಡಿಗೆ ಬಣ್ಣ ಸಿಗುತ್ತದೆ, ಮನುಷ್ಯರಿಗೆ ಸಿಗುವುದಿಲ್ಲ. ಅದಕ್ಕೇ ಒಂದು ಕ್ಷೇತ್ರಕ್ಕೆ ಒಂದು ಚೌಕ, ಎಲ್ಲ ಚೌಕವೂ ಒಂದೇ ಅಳತೆ, ಹಾಗೆ ಬರೆಯಬೇಕು ಎಂದು ನಾನು ಹಟ ಹಿಡಿಯುತ್ತೇನೆ. ‘ಇದು ಕರ್ನಾಟಕದ ಹಾಗೆ ಕಾಣಲ್ಲ’ ಎಂದು ಆಕ್ಷೇಪ ಬರುತ್ತದೆ. ಬರಲಿ. ಆಕಾರವೂ ಮಾತಾಡುತ್ತದೆ ಮಾಸ್ತರ. ನಾವು ಒಂದು ಪದ ಬರೆಯದಿದ್ದರೂ ಅದು ಏನನ್ನೋ ಹೇಳಿಬಿಟ್ಟಿರುತ್ತದೆ. ನನ್ನ ಕೆಲಸ ಏನೆಂದು ನಿನ್ನ ಮಕ್ಕಳು ಕೇಳಿದರೆ ಇದನ್ನೇ ಹೇಳು.

ನನಗೆ ಮನಸ್ಸಿಗೆ ತುಂಬಾ ಹತ್ತಿರವಾದ ಕೆಲಸ ಶಿರೂರಿನದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತಲ್ಲ. ಒಂದು ಕಡೆ ಗುಡ್ಡ, ನಡುವೆ ರಾಷ್ಟ್ರೀಯ ಹೆದ್ದಾರಿ 66, ಅದರಾಚೆ ಗಂಗಾವಳಿ ನದಿ. ರಸ್ತೆ ಪಕ್ಕದ ಚಹಾದಂಗಡಿ, ನಿಂತಿದ್ದ ಲಾರಿಗಳು. ಟಿವಿಯಲ್ಲಿ ನೋಡಿದರೆ ಬರೀ ಕೆಂಪು ಮಣ್ಣು, ಯಾವುದು ಎಲ್ಲಿತ್ತು ತಿಳಿಯುತ್ತಿರಲಿಲ್ಲ. ನೀನು ಕಲಿಸುತ್ತೀಯಲ್ಲ, ಮೇಲಿನಿಂದ ಕಂಡ ಹಾಗೆ ಒಂದು, ಅಡ್ಡ ಕೊಯ್ದ ಹಾಗೆ ಒಂದು, ಹಾಗೆ ಎರಡು ಚಿತ್ರ ಬರೆದೆ. ಗುಡ್ಡದ ಬುಡ ಎಲ್ಲಿ ಕಡಿದಿದೆ, ಮಣ್ಣು ಯಾವ ಕಡೆ ಜಾರಿತು, ನದಿಯಲ್ಲಿ ಎಲ್ಲಿ ದಿಬ್ಬವಾಯಿತು. ಕೇರಳದ ಒಬ್ಬ ಲಾರಿ ಚಾಲಕನಿಗಾಗಿ ಎರಡು ರಾಜ್ಯ ಎರಡು ತಿಂಗಳಿಗೂ ಜಾಸ್ತಿ ಕಾದವು. ಸೆಪ್ಟೆಂಬರಿನಲ್ಲಿ ನದಿಯೊಳಗಿನಿಂದ ಲಾರಿ ಮೇಲೆ ಬಂತು. ಅಷ್ಟು ದಿನವೂ ಜನ ಆ ಚಿತ್ರ ಬಿಚ್ಚಿ ನೋಡುತ್ತಿದ್ದರು. ಅದರಲ್ಲಿ ದೊಡ್ಡ ಅಂಕಿ ಯಾವುದೂ ಇರಲಿಲ್ಲ.

ಈಗ ಹೇಳಬೇಕಾದ್ದು ಹೇಳುತ್ತೇನೆ.

ಹೋದ ವಾರ ಎಲ್ಲೋ ಒಂದು ಬಸ್ ಅಪಘಾತ. ವರದಿಗಾರ ಇನ್ನೂ ದಾರಿಯಲ್ಲಿದ್ದ. ಎಷ್ಟು ಜನ ಎಂದು ಯಾರಿಗೂ ಗೊತ್ತಿಲ್ಲ. ಈ ವರ್ಷ ಸೇರಿದ ಹುಡುಗಿಯೊಬ್ಬಳು ನಮ್ಮ ಡೆಸ್ಕಿನಲ್ಲಿದ್ದಾಳೆ, ಕೈ ಬಹಳ ಚುರುಕು. ಅವಳು ಕುರ್ಚಿ ತಿರುಗಿಸಿ ಕೇಳಿದಳು: ‘ಸರ್, ಒಂದಂಕಿದು ತಗೊಳ್ಳಲಾ, ಎರಡಂಕಿದಾ?’

ಟೆಂಪ್ಲೇಟ್, ಅಂದರೆ ಮೊದಲೇ ಮಾಡಿಟ್ಟ ಚಿತ್ರದ ಚೌಕಟ್ಟಿನ ಬಗ್ಗೆ ಕೇಳಿದ್ದು. ನಮ್ಮಲ್ಲಿ ಅಪಘಾತ, ಮಳೆ, ಬೆಂಕಿ ಇಂಥವಕ್ಕೆ ಸಿದ್ಧ ಕಾರ್ಡುಗಳಿವೆ. 1080 ಪಿಕ್ಸೆಲ್ ಅಗಲ, 1350 ಎತ್ತರ, ಕಪ್ಪು ಹಿನ್ನೆಲೆ, ನಡುವೆ ಕೆಂಪು ಸಂಖ್ಯೆ, ಕೆಳಗೆ ‘ಸಾವು’. ಒಂದಂಕಿ, ಎರಡಂಕಿ, ಮೂರಂಕಿಗೆ ಬೇರೆ ಬೇರೆ ಫೈಲು. ಯಾಕೆಂದರೆ 7 ಕೂರುವ ಜಾಗದಲ್ಲಿ 17 ಕೂರುವುದಿಲ್ಲ, ಪಕ್ಕದ ಬರಹ ತಳ್ಳಿಕೊಂಡು ಹೋಗುತ್ತದೆ. ಆ ಫೈಲುಗಳನ್ನು ಮಾಡಿದ್ದು ನಾನೇ. ಸುದ್ದಿ ಬಂದ ಎರಡು ನಿಮಿಷದಲ್ಲಿ ಕಾರ್ಡ್ ಹೋಗಬೇಕು, ಇಲ್ಲದಿದ್ದರೆ ಬೇರೆಯವರದು ಹೋಗಿರುತ್ತದೆ. ಎಲ್ಲ ಆಫೀಸುಗಳಲ್ಲೂ ಇಂಥವು ಇರುತ್ತವೆ. ಆ ಹುಡುಗಿಯ ಪ್ರಶ್ನೆಯಲ್ಲಿ ಏನೂ ತಪ್ಪಿರಲಿಲ್ಲ. ಒಳ್ಳೆಯ ಕೆಲಸಗಾರರು ಹಾಗೆಯೇ ಕೇಳುತ್ತಾರೆ. ಆದರೆ ಅವಳ ಬಾಯಲ್ಲಿ ಅದನ್ನು ಕೇಳಿದಾಗ ನನಗೆ ಉತ್ತರ ಹೊರಡಲಿಲ್ಲ.

ಯಾಕೆಂದರೆ ನನಗೆ ವಯನಾಡು ನೆನಪಾಯಿತು. 2024ರ ಜುಲೈ 30. ಶಿರೂರಿನ ಲಾರಿ ಇನ್ನೂ ಸಿಕ್ಕಿರಲಿಲ್ಲ, ಅಷ್ಟರಲ್ಲಿ ಇದು. ನಸುಕಿನಲ್ಲಿ ಮುಂಡಕೈ, ಚೂರಲ್‌ಮಲ ಕಡೆ ಗುಡ್ಡ ಜರಿದು ಬಂದಿತ್ತು. ಎಸ್ಟೇಟ್ ಕೂಲಿಕಾರರ ಲೈನ್ ಮನೆಗಳಲ್ಲಿ ಜನ ಮಲಗಿದ್ದರು. ನಮ್ಮ ಚಾಮರಾಜನಗರ, ಮಂಡ್ಯ ಕಡೆಯಿಂದ ಹೋದವರೂ ಅಲ್ಲಿದ್ದರು. ಬೆಳಿಗ್ಗೆ ಮೊದಲು ಬಂದ ಸಂಖ್ಯೆ ಚಿಕ್ಕದು. ನಾನು ಕಾರ್ಡ್ ತೆರೆದೆ. ಯಾರೂ ಹೇಳಿರಲಿಲ್ಲ, ನನ್ನ ಕೈ ತಾನಾಗಿ ಮೂರಂಕಿಯ ಫೈಲನ್ನು ಆರಿಸಿತು. ಸೇತುವೆ ಕೊಚ್ಚಿ ಹೋಗಿದೆ, ಆಚೆಗೆ ಯಾರೂ ತಲುಪಿಲ್ಲ, ಅಂದರೆ ಸಂಖ್ಯೆ ಏರುತ್ತದೆ ಎಂದು ತಲೆ ಲೆಕ್ಕ ಹಾಕಿತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ಆ ಕಾರ್ಡಿನಲ್ಲಿ ಅಂಕಿಯ ಎಡಕ್ಕೆ ಖಾಲಿ ಕಾಣುತ್ತಿತ್ತು. ಅಳತೆ ಸರಿ ಇಲ್ಲ ಎಂದು ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಸಂಜೆಯ ಹೊತ್ತಿಗೆ ಸಾವು ನೂರು ದಾಟಿತು. ಡೆಸ್ಕಿನಿಂದ ಹೊಸ ಸಂಖ್ಯೆ ಕೂಗಿ ಹೇಳಿದರು, ನಾನು ಟೈಪ್ ಮಾಡಿದೆ.

ಕಾರ್ಡ್ ಸರಿಯಾಗಿ ಕೂತಿತು. ಈಗ ಚೆನ್ನಾಗಿ ಕಾಣುತ್ತಿದೆ ಎಂದು ಒಂದು ಕ್ಷಣ ನೆಮ್ಮದಿಯಾಯಿತು.

ಇದನ್ನು ನಾನು ಮನೆಯಲ್ಲಿಯೂ ಹೇಳಿಲ್ಲ. ಆ ನೆಮ್ಮದಿಗೆ ಏನು ಹೆಸರಿಡಬೇಕೋ ಗೊತ್ತಿಲ್ಲ. ನನಗೆ ಆ ಜನರ ಬಗ್ಗೆ ಕರುಳು ಇರಲಿಲ್ಲ ಎಂದಲ್ಲ, ರಾತ್ರಿ ಊಟ ಸೇರಲಿಲ್ಲ. ಆದರೂ ಕಣ್ಣು ತನ್ನ ಪಾಡಿಗೆ ತಾನು ಖುಷಿಪಟ್ಟಿತ್ತು. ಮುಂದೆ ಬರುವುದಕ್ಕೆ ಇವತ್ತೇ ಜಾಗ ಮಾಡಿಡು ಎಂದು ನಮಗೆ ಕಲಿಸಿದ್ದಾರೆ. ಒತ್ತಿಗೆ ಜಾಗ ಬಿಡುವ ಕೈಯೇ ಸತ್ತವರಿಗೂ ಜಾಗ ಬಿಟ್ಟಿತು. ಅದೇ ಕೈ, ಅದೇ ಕೌಶಲ. ಅದನ್ನು ಈ ಹುಡುಗಿಗೂ ನಾನು ಕಲಿಸುತ್ತಿದ್ದೇನೆ ಎಂಬುದು ಹೋದ ವಾರ ಹೊಳೆಯಿತು. ಅಂದಿನಿಂದ ನಿದ್ದೆ ಸರಿ ಇಲ್ಲ ಕಣೋ.

ವಯನಾಡಿನ ಆ ವಾರ ಇನ್ನೊಂದು ಚಿತ್ರವನ್ನೂ ಬರೆದಿದ್ದೆ. ಚೂರಲ್‌ಮಲದಲ್ಲಿ ಸೈನ್ಯ 190 ಅಡಿ ಉದ್ದದ ಬೈಲಿ ಸೇತುವೆ ಕಟ್ಟಿತು. ಕಟ್ಟಿದವರು ಬೆಂಗಳೂರಿನ ನಮ್ಮ ಹಲಸೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು. ಆಗಸ್ಟ್ 1ಕ್ಕೆ ಅದು ಸಿದ್ಧವಾಯಿತು, ದೊಡ್ಡ ಯಂತ್ರಗಳು ಆಚೆ ದಡಕ್ಕೆ ಹೋದವು. ಕಬ್ಬಿಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ದಡದಿಂದ ದಡಕ್ಕೆ ಹೇಗೆ ತಳ್ಳುತ್ತಾರೆ ಎಂದು ಹಂತ ಹಂತವಾಗಿ ಬರೆದೆ. ನೋಡಿದವರು ಕಡಿಮೆ. ಸಂಖ್ಯೆಯ ಕಾರ್ಡನ್ನು ಊರೆಲ್ಲ ಹಂಚಿಕೊಂಡಿತ್ತು.

ಹುಡುಗಿಗೆ ಅವತ್ತು ‘ಯಾವುದೂ ಬೇಡ, ಊರು, ರಸ್ತೆ, ಸಮಯ ಮಾತ್ರ ಹಾಕು’ ಎಂದೆ. ಆಮೇಲೆ ಡೆಸ್ಕಿನಲ್ಲಿ ಮಾತಾಯಿತು. ರಾತ್ರಿ ಪಾಳಿಯ ಮುಖ್ಯ ಉಪಸಂಪಾದಕರು, ನಾನು ಬಹಳ ಗೌರವಿಸುವ ಹಿರಿಯರು, ಒಪ್ಪಲಿಲ್ಲ. ‘ಸಂಖ್ಯೆ ಚಿಕ್ಕದು ಮಾಡಿದ್ರೆ ಸಾವನ್ನೇ ಚಿಕ್ಕದು ಮಾಡಿದ ಹಾಗೆ. ಸರ್ಕಾರಕ್ಕೆ ಅದೇ ಬೇಕಾಗಿರೋದು’ ಎಂದರು. ಅವರ ಮಾತಿನಲ್ಲಿ ತೂಕ ಇದೆ. ಎಷ್ಟು ಜನ ಸತ್ತರು ಎಂದು ದೊಡ್ಡ ದನಿಯಲ್ಲಿ ಕೇಳದಿದ್ದರೆ ಯಾರೂ ಉತ್ತರ ಕೊಡುವುದಿಲ್ಲ. ಆದರೆ ಆ ದೊಡ್ಡ ದನಿ ಮರುದಿನ, ಮರುವಾರ ಬೇಕು. ಗುಡ್ಡದ ಬುಡ ಯಾರು ಕಡಿದರು ಎಂದು ಕೇಳುವಾಗ ಬೇಕು. ಮೊದಲ ಗಂಟೆಯಲ್ಲಿ ಆ ಊರಿನಲ್ಲಿ ಮಗನೋ ತಂಗಿಯೋ ಇರುವವರು ನೋಡುತ್ತಿರುತ್ತಾರೆ. ಅವರಿಗೆ ಬೇಕಾದದ್ದು ಸಹಾಯವಾಣಿ, ಯಾವ ಆಸ್ಪತ್ರೆ, ಯಾವ ದಾರಿ ತೆರೆದಿದೆ. ಅದನ್ನು ಅಷ್ಟು ದಪ್ಪಕ್ಷರದಲ್ಲಿ ನಾವು ಹಾಕಿಯೇ ಇಲ್ಲ.

ಕೊನೆಗೆ ಒಂದು ಒಪ್ಪಂದ ಆಗಿದೆ. ಮೊದಲ ದಿನ ಸಂಖ್ಯೆ ವಾಕ್ಯದೊಳಗೆ ಬರಬೇಕು, ಉಳಿದ ಪದಗಳಷ್ಟೇ ಅಳತೆ. ಕೆಂಪು ಇಲ್ಲ. ಪಕ್ಕದಲ್ಲಿ ‘ಬೆಳಿಗ್ಗೆ 9ರವರೆಗಿನ ಮಾಹಿತಿ’ ಎಂದು ತಾರೀಖಿನ ಸಮೇತ ಚಿತ್ರದ ಮೇಲೆಯೇ ಇರಬೇಕು. ಇದು ಬಹಳ ಮುಖ್ಯ, ನಿನ್ನ ಮಕ್ಕಳಿಗೂ ಹೇಳು. ಕಾರ್ಡ್ ಒಮ್ಮೆ ವಾಟ್ಸ್ಆ್ಯಪ್ ಸೇರಿದರೆ ಜೊತೆಗಿದ್ದ ಬರಹ ಕಳಚಿಹೋಗುತ್ತದೆ, ಚಿತ್ರ ಮಾತ್ರ ತಿರುಗುತ್ತಿರುತ್ತದೆ. ಹೋದ ಮಳೆಗಾಲದ ಪ್ರವಾಹ ಈ ಮಳೆಗಾಲಕ್ಕೆ ಹೊಸ ಸುದ್ದಿಯಾಗಿ ಬರುತ್ತದೆ. ತಾರೀಖು ಇಲ್ಲದ ಕಾರ್ಡನ್ನು ಮುಂದೆ ಕಳಿಸಬೇಡಿ ಎಂದು ಅವರಿಗೆ ಕಲಿಸು.

ಒಪ್ಪಂದ ಎಷ್ಟು ದಿನ ಉಳಿಯುತ್ತದೋ ನೋಡಬೇಕು. ಬೇರೆಯವರ ದೊಡ್ಡ ಕೆಂಪು ಅಂಕಿ ನಮ್ಮ ಪಕ್ಕದಲ್ಲೇ ಓಡುತ್ತಿರುತ್ತದೆ, ಜನ ಅದನ್ನೇ ಒತ್ತುತ್ತಾರೆ, ತಿಂಗಳ ಕೊನೆಗೆ ಆಫೀಸಿನಲ್ಲಿ ಲೆಕ್ಕ ಕೇಳುತ್ತಾರೆ. ಹಳೆಯ ಮೂರಂಕಿಯ ಫೈಲನ್ನು ನಾನಿನ್ನೂ ಅಳಿಸಿಲ್ಲ. ಅಳಿಸಿದರೆ ಬೇರೆ ಯಾರಾದರೂ ಅವಸರದಲ್ಲಿ ಅದನ್ನೇ ಮತ್ತೆ ಮಾಡುತ್ತಾರೆ ಎಂದು ಗೊತ್ತು.

ಸಾಕು. ನಾನು ಫಾಂಟಿನ ಬಗ್ಗೆ ಬರೆಯಲು ಕೂತಿದ್ದೆ, ನೀನು ಹೀಗೆ ಬಾಯಿ ಬಿಡಿಸುತ್ತೀಯ. ಇಲ್ಲಿ ಓದುತ್ತಿರುವ ಉಳಿದವರು ನನ್ನನ್ನು ಬಹಳ ಗಂಭೀರ ಮನುಷ್ಯ ಅಂದುಕೊಂಡಾರು. ನಿನಗೆ ಗೊತ್ತಲ್ಲ, ಚಿತ್ರಕಲಾ ಪರೀಕ್ಷೆಯ ಹಿಂದಿನ ರಾತ್ರಿ ಯಾರು ಯಾರನ್ನು ನಗಿಸಿದರು ಎಂದು.

ದಸರಾ ರಜೆಗೆ ಬಾ. ಮಧ್ಯಾಹ್ನ ಎರಡರ ಸುಮಾರಿಗೆ ಆಫೀಸು ತಣ್ಣಗಿರುತ್ತದೆ, ಎಲ್ಲ ತೋರಿಸುತ್ತೇನೆ. ಆ ಹುಡುಗಿಗೆ ನೀನು ಬ್ರಷ್ಷಿನಲ್ಲಿ ಅಕ್ಷರ ಬರೆಯುವುದನ್ನು ನೋಡುವ ಆಸೆ, ಎರಡು ಬ್ರಷ್ ತೆಗೆದುಕೊಂಡು ಬಾ. ದಾವಣಗೆರೆಯಿಂದ ಮಂಡಕ್ಕಿಯೂ ಬರಲಿ. ಮೆಣಸಿನಕಾಯಿ ಬೇರೆ ಪೊಟ್ಟಣದಲ್ಲಿ ಕಟ್ಟಿಸು ಮಾರಾಯ, ಹೋದ ಸಲದ ರೈಲಿನ ಹಾಗಲ್ಲ. ಅತ್ತಿಗೆಗೆ ಕೇಳಿದೆ ಎಂದು ಹೇಳು, ಮಗಳ ಹೊಸ ಚಿತ್ರಗಳ ಫೋಟೊ ಕಳಿಸು.

ನಿನ್ನ,
ಮೂಲೆ ಮಂಚದವನು