ಬಿ.ಎಚ್. ರಸ್ತೆ ಮುಗಿಯುವ ಕಡೆ ಟೆಂಟ್ ಹಾಕೋಣ ಬಾ

ಪ್ರೀತಿಯ ಗೆಳೆಯ,

ನಿನ್ನ ವಾಯ್ಸ್ ಮೆಸೇಜ್ ಮೂರು ಸಲ ಕೇಳಿದೆ. ಡಿಸೆಂಬರ್ ರಜೆಗೆ ಮಕ್ಕಳನ್ನು ಕರೆದುಕೊಂಡು ಎಲ್ಲಾದರೂ ನೀರಿನ ಪಕ್ಕ ಟೆಂಟ್ ಹಾಕಬೇಕು, ಕೆರೆ ದಂಡೆ ಒಳ್ಳೆಯದಾ, ಸಮುದ್ರ ಒಳ್ಳೆಯದಾ, ಜಾಗ ಹೇಗೆ ಆರಿಸೋದು ಅಂತ ಕೇಳಿದ್ದೀಯ. ಫೋನಲ್ಲಿ ಹೇಳಿದರೆ ಅರ್ಧ ಮರೆತುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಇದೇ ಪ್ರಶ್ನೆಯನ್ನು ದೀಪಾವಳಿ ಆದಮೇಲೆ ಇನ್ನೂ ಮೂರ್ನಾಲ್ಕು ಜನ ಕೇಳಿದರು, ಹಾಗಾಗಿ ಎಲ್ಲರೂ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಫೋಟೋ ನೋಡಿ ಜಾಗ ಆರಿಸಬೇಡ. ಅಂಥ ಫೋಟೋ ಎಲ್ಲಾ ತೆಗೆಯೋದು ಸಂಜೆ ಹೊತ್ತು ಮುಳುಗುವಾಗ. ನೀವು ಅಲ್ಲಿ ಇರೋದು ರಾತ್ರಿಯೆಲ್ಲಾ. ರಾತ್ರಿ ನೀರು ಎಲ್ಲಿವರೆಗೆ ಬರುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ, ನಿಮ್ಮಮ್ಮ ಎರಡು ಗಂಟೆಗೆ ಎದ್ದರೆ ಟಾಯ್ಲೆಟ್‌ಗೆ ಎಷ್ಟು ಹೆಜ್ಜೆ ನಡೆಯಬೇಕು, ಇಷ್ಟು ಗೊತ್ತಾದ ಮೇಲೆ ದುಡ್ಡು ಕಟ್ಟು.

ಎರಡು ವರ್ಷದ ಹಿಂದೆ ನಾನು ಇದ್ಯಾವುದನ್ನೂ ಕೇಳಿರಲಿಲ್ಲ. ಜನವರಿಯಲ್ಲಿ ಉತ್ತರ ಕನ್ನಡದ ಕಡಲ ದಂಡೆಯಲ್ಲಿ ಒಂದು ಕ್ಯಾಂಪ್ ಬುಕ್ ಮಾಡಿದ್ದೆ. ಹೆಸರು ಬೇಡ. ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆವು. ಹುಣ್ಣಿಮೆ ದಿನ, ಬೆಳದಿಂಗಳಲ್ಲಿ ಸಮುದ್ರ ನೋಡಬಹುದು ಅಂತ ಬೇಕಂತಲೇ ಆ ದಿನ ಆರಿಸಿದ್ದು. ನಾವು ಹೋದಾಗ ನೀರು ಟೆಂಟಿನಿಂದ ಸುಮಾರು ಮೂವತ್ತು ಮಾರು ದೂರದಲ್ಲಿತ್ತು. ಬಾಗಿಲು ಸಮುದ್ರದ ಕಡೆಗೇ ಇತ್ತು. ಮಕ್ಕಳು ಕುಣಿದಾಡಿದವು. ರಾತ್ರಿ ಹನ್ನೊಂದರ ಸುಮಾರಿಗೆ ಅಲೆಯ ಸದ್ದು ಕಿವಿ ಪಕ್ಕದಲ್ಲೇ ಬಂದಂತಾಗಿ ಎಚ್ಚರವಾಯಿತು. ಜಿಪ್ ತೆಗೆದು ಟಾರ್ಚ್ ಬಿಟ್ಟರೆ, ಬಿಳಿ ನೊರೆ ಸುಯ್ ಅಂತ ಮರಳ ಮೇಲೆ ಹತ್ತಿ ಬಂದು ನಾಲ್ಕೇ ಮಾರು ಆಚೆ ನಿಂತಿತು. ನಿಂತದ್ದು ಹಿಂದೆ ಹೋಯಿತು, ಇನ್ನೊಂದು ಬಂತು. ಮಗಳ ಒಂದು ಗುಲಾಬಿ ಚಪ್ಪಲಿ ಅದಾಗಲೇ ಹೋಗಿತ್ತು. ಅಮ್ಮನನ್ನೂ ಮಕ್ಕಳನ್ನೂ ಎಬ್ಬಿಸಿ ಕಾರಲ್ಲಿ ಕೂರಿಸಿದೆವು. ಅಮ್ಮ ಏನೂ ಬೈಯಲಿಲ್ಲ. ಶಾಲು ಹೊದ್ದುಕೊಂಡು ಬೆಳಗಾಗುವವರೆಗೂ ಹಾಗೇ ಕೂತಿದ್ದಳು. ನನಗೆ ಅದೇ ಜಾಸ್ತಿ ನೋವಾಯಿತು.

ಬೆಳಗ್ಗೆ ನೋಡಿದರೆ, ನಮ್ಮ ಟೆಂಟಿನ ಹಿಂದೆ ಮರಳ ಮೇಲೆ ಉದ್ದಕ್ಕೂ ಒಂದು ಗೆರೆ. ಒಣಗಿದ ಪಾಚಿ, ಚಿಪ್ಪು, ತೆಂಗಿನ ಮಟ್ಟೆ ಚೂರು, ಬಲೆಯ ಹಗ್ಗದ ತುಂಡು, ಬಾಟಲಿ ಮುಚ್ಚಳ. ಉಬ್ಬರದಲ್ಲಿ ನೀರು ಅಷ್ಟು ಮೇಲಕ್ಕೆ ಬಂದು ಹೋದ ಗುರುತು ಅದು. ದೋಣಿ ಹತ್ತಿರ ಬಲೆ ಬಿಡಿಸುತ್ತಿದ್ದ ಅಜ್ಜ ಒಬ್ಬರು, "ಸಮುದ್ರನೇ ಗೆರೆ ಎಳ್ದಿಟ್ಟಿದ್ಯಲ್ಲ, ಕಾಣ್ಲಿಲ್ವ?" ಅಂದರು. ನಿಜವಾಗಿಯೂ ಕಂಡಿರಲಿಲ್ಲ. ಬಯಲುಸೀಮೆಯವರು ನಾವು, ಹೊತ್ತೊತ್ತಿಗೆ ಏರಿ ಇಳಿಯುವ ನೀರು ನಮಗೆ ಎಲ್ಲಿ ಅಭ್ಯಾಸ ಹೇಳು.

ಆಮೇಲೆ ಇದನ್ನೆಲ್ಲಾ ತಿಳಿದುಕೊಂಡೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ದಿನದಿಂದ ದಿನಕ್ಕೆ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಸೂರ್ಯ ಚಂದ್ರ ಇಬ್ಬರ ಎಳೆತವೂ ಸೇರಿಕೊಳ್ಳುವುದರಿಂದ ನೀರು ಜಾಸ್ತಿ ಮೇಲಕ್ಕೆ ಬರುತ್ತದೆ. ಅಷ್ಟಮಿ ಹೊತ್ತಿಗೆ ಏರಿಳಿತ ಕಡಿಮೆ. ಹಾಗಾಗಿ ನಾನೀಗ ದಿನ ನೋಡುವುದು ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ. ಶುಕ್ಲ ಪಕ್ಷದ ಅಷ್ಟಮಿ ಅಥವಾ ಅದರ ಮಾರನೇ ದಿನ. ಸಂಜೆ ಆಗುವಾಗಲೇ ಅರ್ಧ ಚಂದ್ರ ನೆತ್ತಿ ಮೇಲೆ ಇರುತ್ತಾನೆ, ಅಡುಗೆ ಊಟಕ್ಕೆ ಬೆಳಕು ಸಿಗುತ್ತದೆ, ಮಧ್ಯರಾತ್ರಿ ಸುಮಾರಿಗೆ ಮುಳುಗಿದರೆ ಮಕ್ಕಳಿಗೆ ನಕ್ಷತ್ರ ತೋರಿಸಬಹುದು, ನೀರೂ ತನ್ನ ಪಾಡಿಗೆ ದೂರ ಇರುತ್ತದೆ. ಯಾವ ದಿನ ಹೋದರೂ ಆ ಗೆರೆ ಹುಡುಕಿ, ಅದಕ್ಕಿಂತ ಚೆನ್ನಾಗಿ ಮೇಲೆ, ಗಾಳಿಮರದ ತೋಪಿನ ಕಡೆ ಹಾಕು. ತೆಂಗಿನ ಮರದ ಕೆಳಗೆ ಮಾತ್ರ ಬೇಡ. ಕಾಯಿ, ಗರಿ ಯಾವಾಗ ಬೀಳುತ್ತೆ ಅಂತ ನಮ್ಮ ತಿಪಟೂರಿನವರನ್ನು ಕೇಳು, ಹೇಳುತ್ತಾರೆ.

ಇನ್ನು ಕೆರೆ. ಸಮುದ್ರಕ್ಕೆ ಮೊದಲು ಒಂದೇ ಒಂದು ರಾತ್ರಿ ಮನೆ ಹತ್ತಿರ ಕೆರೆ ಪಕ್ಕ ಮಲಗಿ ನೋಡಿ ಅನ್ನೋದು ನನ್ನ ಸಲಹೆ. ಚಿಕ್ಕವನಿಗೆ ಭಯವಾದರೆ ಒಂದು ಗಂಟೆಯಲ್ಲಿ ಮನೆ ಸೇರಬಹುದು. ನಾವು ಹೋಗುವುದು ಕುಣಿಗಲ್ ಕಡೆ ಚಿಕ್ಕಪ್ಪನ ತೋಟಕ್ಕೆ. ತೋಟದ ಆಚೆಗೇ ಕೆರೆ. ಮೊದಲ ಸಲ ನಾನು ಕೆರೆ ಅಂಗಳದಲ್ಲೇ ಟೆಂಟ್ ಬಿಚ್ಚುತ್ತಿದ್ದೆ, ಚಿಕ್ಕಪ್ಪ ಓಡಿ ಬಂದು ತಡೆದರು. ಆಮೇಲೆ ನನ್ನ ಕೈ ಹಿಡಿದುಕೊಂಡು ಹೋಗಿ, ಒಂದು ಉದ್ದನೆ ಬಿದಿರು ಗಳ ನೀರಿಗೆ ಇಳಿಬಿಟ್ಟು ತೋರಿಸಿದರು. ದಡದಿಂದ ಐದು ಹೆಜ್ಜೆವರೆಗೆ ಮೊಣಕಾಲು ನೀರು. ಆರನೇ ಹೆಜ್ಜೆಗೆ ಗಳ ಪೂರ್ತಿ ಒಳಗೆ ಹೋಯಿತು. ಬೇಸಿಗೆಯಲ್ಲಿ ಜೆಸಿಬಿ ತಂದು ಹೂಳು ತೆಗೆದಿದ್ದ ಗುಂಡಿ. ಮಳೆ ಬಂದು ಕೆರೆ ತುಂಬಿದ ಮೇಲೆ ಮೇಲಿನಿಂದ ಏನೂ ಗೊತ್ತಾಗುವುದಿಲ್ಲ, ಎಲ್ಲಾ ಒಂದೇ ಸಮ ಕಾಣುತ್ತದೆ. ನಮ್ಮ ಕಡೆಯ ಕೆರೆಗಳಲ್ಲಿ ಮಕ್ಕಳು ಮುಳುಗಿದರು ಅಂತ ಓದುತ್ತೇವಲ್ಲ, ಬಹಳ ಸಲ ಇಂಥ ಗುಂಡಿಯೇ ಕಾರಣ. ಗೆಳೆಯ, ಈ ಒಂದು ಮಾತು ಬೇರೆಲ್ಲಾ ಮರೆತರೂ ಮರೆಯಬೇಡ. ಊರಿನವರು ಇಳಿ ಅಂದ ಕಡೆ ಬಿಟ್ಟು ಬೇರೆ ಕಡೆ ಮಕ್ಕಳ ಪಾದವೂ ನೆನೆಯಬಾರದು.

ಕೆರೆ ತುಂಬಿದ್ದರೆ ಕೋಡಿ, ಅಂದರೆ ಹೆಚ್ಚಾದ ನೀರು ಹೊರಗೆ ಹರಿಯುವ ಜಾಗ, ಎಲ್ಲಿದೆ ಅಂತ ಮೊದಲು ಕೇಳು. ಕೋಡಿ ಹಳ್ಳದ ಪಕ್ಕ ಒಣಗಿದ ಮರಳು ಕಂಡರೆ ಟೆಂಟಿಗೆ ಚೆನ್ನಾಗಿದೆ ಅನಿಸುತ್ತದೆ, ಅಲ್ಲಿ ಮಲಗಲೇಬಾರದು. ನಮ್ಮ ಮಾರ್ಕೋನಹಳ್ಳಿ ಜಲಾಶಯ ನೋಡಿದ್ದೀಯಲ್ಲ, ಶಿಂಷಾ ನದಿಗೆ ಕಟ್ಟಿರೋದು. ಅಲ್ಲಿ ಸೈಫನ್ ಇದೆ. ನೀರು ಮಟ್ಟ ಮುಟ್ಟಿತು ಅಂದರೆ ಯಾರೂ ಗೇಟ್ ಎತ್ತಬೇಕಾಗಿಲ್ಲ, ತನ್ನಷ್ಟಕ್ಕೆ ತಾನೇ ಭೋರ್ ಅಂತ ಹೊರಗೆ ನುಗ್ಗುತ್ತದೆ. ಕೆಳಗೆ ಆಟ ಆಡುತ್ತಿರುವವರಿಗೆ ಗೊತ್ತಾಗುವುದು ನೀರು ಬಂದ ಮೇಲೇನೇ. ಅಂಥ ಜಾಗಕ್ಕೆ ಹಗಲು ಹೋಗಿ ದೂರದಿಂದ ನೋಡಿಕೊಂಡು ಬರೋಣ, ಅಷ್ಟು ಸಾಕು.

ನಿಮ್ಮ ಕೋಲಾರದ ಕೆರೆಗಳ ಬಗ್ಗೆಯೂ ಹೇಳಬೇಕು. 2018ರಿಂದ ಕೆ.ಸಿ. ವ್ಯಾಲಿ ನೀರು ಬರೋಕೆ ಶುರುವಾದ ಮೇಲೆ ಲಕ್ಷ್ಮೀಸಾಗರದಂಥ ಕೆರೆ ತುಂಬಿರೋದು ನೋಡಿದರೆ ಕಣ್ಣು ತುಂಬಿ ಬರುತ್ತದೆ, ನಾವು ಚಿಕ್ಕವರಿದ್ದಾಗ ಅಲ್ಲೆಲ್ಲಾ ಜಾಲಿ ಬೆಳೆದಿತ್ತು. ಆದರೆ ಅದು ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಅಂತರ್ಜಲಕ್ಕೆ ಅಂತ ಬಿಡೋದು. ದಂಡೆ ಮೇಲೆ ಕೂತು ಹಕ್ಕಿ ನೋಡೋಕೆ ಸರಿ. ಆ ನೀರಲ್ಲಿ ಈಜು ಬೇಡ, ಪಾತ್ರೆ ತೊಳೆಯೋದೂ ಬೇಡ. ಕುಡಿಯೋಕೆ, ಅಡುಗೆಗೆ ಕ್ಯಾನ್ ಮನೆಯಿಂದಲೇ ಹೊತ್ತುಕೊಂಡು ಹೋಗು.

ಕೆರೆ ಪಕ್ಕ ಇನ್ನೊಂದು ಕಷ್ಟ ಇಬ್ಬನಿ. ಡಿಸೆಂಬರಿನಲ್ಲಿ ನಮ್ಮ ಕಡೆ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ತಣ್ಣನೆ ಗಾಳಿ ತಗ್ಗಿಗೇ ಬಂದು ಕೂರುತ್ತದೆ. ಮೊದಲ ಸಲ ಚಳಿ ಅಂತ ನಾವು ಟೆಂಟಿನ ಎಲ್ಲಾ ಕಿಟಕಿ ಮುಚ್ಚಿ ಮಲಗಿದ್ದೆವು. ಬೆಳಗಿನ ಜಾವ ಮಗಳು ಎದ್ದು "ಅಪ್ಪಾ, ಮಳೆ" ಅಂದಳು. ಮಳೆ ಎಲ್ಲಿಂದ ಬರಬೇಕು. ನಾಲ್ಕು ಜನರ ಉಸಿರು ತಣ್ಣನೆ ಬಟ್ಟೆಗೆ ತಾಗಿ ನೀರಾಗಿ, ಮೇಲಿಂದ ತೊಟ್ಟು ತೊಟ್ಟಾಗಿ ಅವಳ ಕೆನ್ನೆ ಮೇಲೆ ಬೀಳುತ್ತಿತ್ತು. ಈಗ ನೀರಿನಿಂದ ಐವತ್ತು ಅರವತ್ತು ಹೆಜ್ಜೆ ಹಿಂದೆ, ಸ್ವಲ್ಪ ದಿಣ್ಣೆ ಮೇಲೆ ಹಾಕುತ್ತೇವೆ, ಎದುರು ಬದುರು ಎರಡು ಕಿಟಕಿ ಅರ್ಧ ತೆರೆದಿಡುತ್ತೇವೆ, ಕಂಬಳಿ ಒಂದು ಜಾಸ್ತಿ ತಗೊಂಡು ಹೋಗುತ್ತೇವೆ. ಚಳಿ ಅಂತ ಕೆಂಡದ ಬಾಣಲೆ ಟೆಂಟೊಳಗೆ ತರೋದು ಮಾತ್ರ ಯಾವತ್ತೂ ಬೇಡ. ಅದರ ಹೊಗೆಗಿಂತ ಕಣ್ಣಿಗೆ ಕಾಣದ ವಿಷಗಾಳಿಯೇ ಅಪಾಯ, ನಿದ್ದೆಯಲ್ಲೇ ಜೀವ ಹೋಗುತ್ತದೆ.

ದೇವರಾಯನದುರ್ಗದ ಕಾಡಂಚು ನೀನು ಕೇಳಿದ್ದೆ. ಅಲ್ಲಿ ಕರಡಿ, ಚಿರತೆ ಇವೆ. ಅರಣ್ಯ ಇಲಾಖೆ ಅನುಮತಿ ಇಲ್ಲದೆ ರಾತ್ರಿ ಉಳಿಯುವ ಹಾಗಿಲ್ಲ. ಆ ಯೋಚನೆ ಬಿಡು.

ಈಗ ನನ್ನ ಆಸೆ ಹೇಳುತ್ತೇನೆ ಕೇಳು. ನಮ್ಮ ತುಮಕೂರಿನ ಬಿ.ಎಚ್. ರಸ್ತೆ ಅಂದರೆ ಬೆಂಗಳೂರು ಹೊನ್ನಾವರ ರಸ್ತೆ. ಚಿಕ್ಕಂದಿನಿಂದ ಅದರ ಮೇಲೇ ಓಡಾಡಿದವನು ನಾನು. ತರಕಾರಿ ತಂದಿದ್ದು, ಕಾಲೇಜಿಗೆ ಹೋಗಿದ್ದು ಎಲ್ಲಾ ಆ ರಸ್ತೆಯಲ್ಲೇ. ಅದೇ ರಸ್ತೆ ಹಿಡಿದು ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ ಅಂತ ಹೋಗುತ್ತಾ ಇದ್ದರೆ, ಸುಮಾರು 360 ಕಿಲೋಮೀಟರ್ ಆದಮೇಲೆ ಸಮುದ್ರ. ಮಕ್ಕಳಿಗೆ ಇದನ್ನು ತೋರಿಸಬೇಕು ಅಂತ ನನಗೆ ಎಷ್ಟು ಆಸೆ ಗೊತ್ತಾ. ಮನೆ ಮುಂದಿನ ರಸ್ತೆ ಎಲ್ಲಿ ಮುಗಿಯುತ್ತೆ ಅಂತ.

ಒಂದೇ ದಿನಕ್ಕೆ ಅಷ್ಟು ದೂರ ಓಡಿಸೋದು ಬೇಡ. ಮಧ್ಯೆ ಶರಾವತಿ ಹಿನ್ನೀರಲ್ಲಿ ಒಂದು ರಾತ್ರಿ. ತಾಳಗುಪ್ಪದ ಹತ್ತಿರ ಹೊನ್ನೆಮರಡು ಕಡೆ ನೀರು ಕಣ್ಣು ಹರಿಯುವಷ್ಟು ದೂರ ಹಬ್ಬಿದೆ, ಲಿಂಗನಮಕ್ಕಿ ಅಣೆಕಟ್ಟಿನ ನೀರು ಅದು, 1964ರಲ್ಲಿ ಮುಗಿದದ್ದು. ಡಿಸೆಂಬರಿನಲ್ಲಿ ನೀರು ಚೆನ್ನಾಗಿರುತ್ತದೆ. ಏಪ್ರಿಲ್ ಹೊತ್ತಿಗೆ ಇಳಿದು ಹೋಗಿ ಕೆಸರಲ್ಲಿ ಬಹಳ ದೂರ ನಡೆಯಬೇಕು. ಲೈಫ್ ಜಾಕೆಟ್ ಮಕ್ಕಳ ಅಳತೆಯದು ಇದೆಯಾ ಅಂತ ಫೋನ್ ಮಾಡಿ ಕೇಳಿ, ಇಲ್ಲ ಅಂದರೆ ಆ ಕ್ಯಾಂಪ್ ಬೇಡ. ದೊಡ್ಡವರದ್ದನ್ನು ಚಿಕ್ಕವನಿಗೆ ಹಾಕಿದರೆ ಅದು ಮೇಲೆ, ಅವನು ಕೆಳಗೆ.

ಆ ಕಡೆ ಕಾಡಲ್ಲಿ ಮಂಗನ ಕಾಯಿಲೆ ಇದೆ ಅನ್ನೋದು ನೆನಪಿರಲಿ. 1957ರಲ್ಲಿ ಮೊದಲು ಗುರುತಿಸಿದ್ದೇ ಸೊರಬದ ಕ್ಯಾಸನೂರು ಕಾಡಲ್ಲಿ. ಉಣುಗು ಕಚ್ಚಿ ಬರೋದು, ಡಿಸೆಂಬರಿನಿಂದ ಬೇಸಿಗೆವರೆಗೆ ಜಾಸ್ತಿ. ಹಾಗಂತ ಹೆದರಿ ಮನೇಲಿ ಕೂರಬೇಕಾಗಿಲ್ಲ. ಹೋಗುವ ಮೊದಲು ಅಲ್ಲಿನ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ಈ ವರ್ಷ ಸುತ್ತಮುತ್ತ ಕಾಣಿಸಿದೆಯಾ ಅಂತ ಕೇಳೋಣ, ಇದೆ ಅಂದರೆ ಅಲ್ಲಿ ನಿಲ್ಲದೆ ಮುಂದೆ ಹೋಗೋಣ. ಒಣ ಎಲೆ ಮೇಲೆ ಮಕ್ಕಳನ್ನು ಕೂರಿಸಬಾರದು, ಪೂರ್ತಿ ತೋಳಿನ ಅಂಗಿ ಹಾಕಬೇಕು, ಸಂಜೆ ಬಂದ ಕೂಡಲೇ ಕತ್ತು, ಕಂಕುಳು, ಮೊಣಕಾಲ ಹಿಂದೆ ನೋಡಬೇಕು.

ಮಾರನೇ ದಿನ ಘಾಟಿ ಇಳಿದು ಹೊನ್ನಾವರ. ನಿನ್ನ ಮಗಳಿಗೆ ತಿರುವಲ್ಲಿ ವಾಂತಿ ಬರುತ್ತೆ ಅಲ್ವಾ, ನಿಂಬೆಹಣ್ಣು ಇಟ್ಟುಕೋ. ಗೇರುಸೊಪ್ಪೆ ಅಣೆಕಟ್ಟಿನ ಕೆಳಗೆ ನದಿ ಮರಳು ಎಷ್ಟು ಚೆನ್ನಾಗಿ ಕಂಡರೂ ಇಳಿಯೋದು ಬೇಡ, ಕರೆಂಟಿಗೆ ನೀರು ಬಿಟ್ಟರೆ ಹೊಳೆ ಏರುತ್ತದೆ. ಹೊನ್ನಾವರದ ಸೇತುವೆ ದಾಟಿದರೆ ಕಾಸರಕೋಡು. 2020ರಲ್ಲಿ ಬ್ಲೂ ಫ್ಲಾಗ್ ಸಿಕ್ಕ ಬೀಚ್ ಅದು, ನಮ್ಮ ರಾಜ್ಯದಲ್ಲಿ ಆ ವರ್ಷ ಅದಕ್ಕೂ ಉಡುಪಿ ಕಡೆಯ ಪಡುಬಿದ್ರಿಗೂ ಸಿಕ್ಕಿತು. ನೀರಿನ ಪರೀಕ್ಷೆ, ಶೌಚಾಲಯ, ಜೀವರಕ್ಷಕರು ಎಲ್ಲಾ ಇದ್ದರೇನೇ ಆ ಬಾವುಟ ಕೊಡೋದು. ಅಲ್ಲಿ ಟೆಂಟ್ ಹಾಕೋದಲ್ಲ, ಹಗಲು ಮಕ್ಕಳನ್ನು ನೀರಾಡಿಸೋಕೆ. ಅಲೆ ಒಡೆಯದೆ ನಡುವೆ ಒಂದು ಕಡೆ ಮಾತ್ರ ನೀರು ಶಾಂತವಾಗಿ ಕಂಡರೆ ಅಲ್ಲಿಗೆ ಇಳಿಸಬೇಡ, ನೀರು ಒಳಗೆ ಎಳೆದುಕೊಂಡು ಹೋಗುವ ಜಾಗ ಸಾಮಾನ್ಯವಾಗಿ ಅದೇ. ಸಿಕ್ಕಿಕೊಂಡವರು ದಡದ ಕಡೆ ಗುದ್ದಾಡದೆ ದಡದ ಉದ್ದಕ್ಕೆ ಪಕ್ಕಕ್ಕೆ ಈಜಬೇಕು. ಇದನ್ನು ನಿನ್ನ ದೊಡ್ಡವಳಿಗೂ ಹೇಳಿಕೊಡು, ಅವಳಿಗೆ ಅರ್ಥವಾಗುತ್ತದೆ.

ರಾತ್ರಿಗೆ ಬೇಲಿ ಇರುವ, ಮನೆಯವರು ಅಲ್ಲೇ ವಾಸ ಇರುವ ತೋಟದ ಜಾಗ ಹುಡುಕೋಣ. ಕೇಳದೆ ದಂಡೆ ಮೇಲೆ ಹಾಕೋದು ಬೇಡ. ಕಾಸರಕೋಡಿನ ಟೊಂಕದ ಕಡೆ ಚಳಿಗಾಲದಲ್ಲಿ ಕಡಲಾಮೆಗಳು ರಾತ್ರಿ ಮೇಲೆ ಬಂದು ಮರಳಲ್ಲಿ ಮೊಟ್ಟೆ ಇಡುತ್ತವೆ, ನಮ್ಮ ಲೈಟು, ಗಲಾಟೆಗೆ ಹೆದರಿ ಇಡದೆ ವಾಪಸ್ ಹೋಗುತ್ತವಂತೆ. ಪಾಪ, ಅಷ್ಟು ದೂರದಿಂದ ಬಂದಿರುತ್ತವೆ. ಇನ್ನೊಂದು, ಮರಳಲ್ಲಿ ಟೆಂಟಿನ ಗೂಟ ನಿಲ್ಲುವುದಿಲ್ಲ, ಎಳೆದರೆ ಬಂದುಬಿಡುತ್ತದೆ. ಖಾಲಿ ಅಕ್ಕಿ ಚೀಲ ಆರು ತಾ. ಅದಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಳದಷ್ಟು ಆಳ ಹೂತರೆ ಅಲ್ಲಾಡುವುದಿಲ್ಲ.

ಅತ್ತಿಗೆಗೆ ಹೇಳು, ಅಡುಗೆ ಸಾಮಾನು ನಾವೇ ತರುತ್ತೇವೆ, ಗ್ಯಾಸ್ ಸ್ಟವ್ ನಮ್ಮ ಹತ್ತಿರ ಇದೆ. ರಾಗಿ ಹಿಟ್ಟು ಮಾತ್ರ ನಿಮ್ಮ ಕಡೆಯದೇ ಬೇಕು. ಹಿಂದಿನ ದಿನ ಸಂಜೆ ನಮ್ಮನೆಗೆ ಬಂದು ಮಲಗಿ. ಬೆಳಗ್ಗೆ ಬೇಗ ಎದ್ದು ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬರುತ್ತೇನೆ, ಬಿಸಿ ಇರುವಾಗಲೇ ಗುಬ್ಬಿ ದಾಟಿಬಿಡೋಣ. ಅಮ್ಮನೂ ಬರುತ್ತಾಳೆ. ಕೇಳಿದೆ, "ಈ ಸಲ ಗೆರೆ ನಾನೇ ನೋಡ್ತೀನಿ" ಅಂದಳು.

ನಿಮ್ಮನೆ ಕ್ಯಾಲೆಂಡರ್ ನೋಡಿ ಶುಕ್ಲ ಅಷ್ಟಮಿ ಯಾವ ವಾರ ಬರುತ್ತೆ, ನಿನಗೆ ರಜೆ ಸಿಗುತ್ತಾ ಅಂತ ಭಾನುವಾರದೊಳಗೆ ತಿಳಿಸು.

ನಿನ್ನ,
ತುಮಕೂರಿನ ಗೆಳೆಯ