ಸಹಿ ಹಾಕುವ ಮುಂಚೆ

ಪ್ರೀತಿಯ ಪುಟ್ಟಿ,

"ನನಗೇನೂ ಬೇಡಮ್ಮ, ಹೇಳಿದ ಕಡೆ ಸಹಿ ಹಾಕಿ ಹೊರಗೆ ಬಂದರೆ ಸಾಕು" ಅಂತ ನಿನ್ನೆ ಫೋನಿನಲ್ಲಿ ಅಂದೆಯಲ್ಲ, ಆ ಮಾತು ರಾತ್ರಿಯೆಲ್ಲ ನಿದ್ದೆ ಕೊಡಲಿಲ್ಲ. ಗಂಡನಿಂದ ಬೇರೆಯಾಗುವುದು ಸರಿಯೋ ತಪ್ಪೋ ಎಂದು ನಾನು ಕೇಳುವುದಿಲ್ಲ. ಅದನ್ನು ನೀನು ಸಾಕಷ್ಟು ಯೋಚಿಸಿದ್ದೀಯ. ವಿಚ್ಛೇದನದ ಒಪ್ಪಂದಕ್ಕೆ ಹಾಕುವ ಸಹಿಯ ವಿಷಯದಲ್ಲಿ ಮಾತ್ರ ಸ್ವಲ್ಪ ತಾಳು.

ಬ್ಯಾಂಕಿನ ಸಾಲದ ವಿಭಾಗದಲ್ಲಿ ವರ್ಷಗಟ್ಟಲೆ ಕೂತವಳು ನಾನು. ಕೋರ್ಟಿನ ಆದೇಶ ಕೈಯಲ್ಲಿ ಹಿಡಿದು, "ಮನೆ ಸಾಲ ಇನ್ನು ಅವರೇ ಕಟ್ಟಬೇಕು ಅಂತ ಇದರಲ್ಲಿದೆ" ಎನ್ನುತ್ತ ಬಂದ ಹೆಣ್ಣುಮಕ್ಕಳನ್ನು ಕಂಡಿದ್ದೇನೆ. ಅದರಲ್ಲಿ ಹಾಗೇ ಬರೆದಿರುತ್ತಿತ್ತು. ಆದರೆ ಸಾಲಪತ್ರದಲ್ಲಿ ಇಬ್ಬರ ಸಹಿಯೂ ಇದ್ದಮೇಲೆ ಬ್ಯಾಂಕು ಇಬ್ಬರನ್ನೂ ಕೇಳುತ್ತದೆ. ಅವನು ಕಂತು ತಪ್ಪಿಸಿದರೆ ನೋಟಿಸು ನಿನಗೂ ಬರುತ್ತದೆ, ನಿನ್ನ ಕ್ರೆಡಿಟ್ ಸ್ಕೋರೂ ಕೆಡುತ್ತದೆ. ಆದ್ದರಿಂದ ಸಾಲ ಅವನೊಬ್ಬನ ಹೆಸರಿಗೆ ಹೊಸದಾಗಿ ಆಗಬೇಕು, ಇಲ್ಲವೇ ಮನೆ ಮಾರಿ ತೀರಬೇಕು. ಎಷ್ಟು ದಿನದೊಳಗೆ ಎಂಬುದೂ ಒಪ್ಪಂದದಲ್ಲಿರಲಿ. ಅವನ ವ್ಯಾಪಾರಕ್ಕೆ ನೀನು ಹಾಕಿದ ಜಾಮೀನು ನೆನಪಿದೆಯಾ? ಬ್ಯಾಂಕು ಬರವಣಿಗೆಯಲ್ಲಿ ಬಿಡುಗಡೆ ಕೊಡುವ ತನಕ ಅದು ನಿನ್ನ ತಲೆ ಮೇಲೇ ಇರುತ್ತದೆ.

ಮನೆಯನ್ನೇ ಇಟ್ಟುಕೋ ಎಂದು ಅವನ ಕಡೆಯವರು ಹೇಳಬಹುದು. ಅದೇ ಬೆಲೆಯ ಠೇವಣಿಯೂ ಮನೆಯೂ ಒಂದೇ ಅಲ್ಲ ಪುಟ್ಟಿ. ಮನೆಗೆ ತೆರಿಗೆ, ರಿಪೇರಿ ಇದೆ, ಮಾರುವಾಗ ಮತ್ತೆ ತೆರಿಗೆ ಬೀಳಬಹುದು. ತುರ್ತಿಗೆ ಅದರ ಗೋಡೆ ಒಡೆದು ದುಡ್ಡು ತೆಗೆಯಲಾಗುವುದಿಲ್ಲ. ಅವನ ನಿವೃತ್ತಿ ನಿಧಿಯನ್ನೂ ಲೆಕ್ಕಕ್ಕೆ ತರಲು ವಕೀಲರಿಗೆ ಹೇಳು. ಕಣ್ಣಿಗೆ ಕಾಣದ ಆಸ್ತಿಯಾದ್ದರಿಂದ ಎಲ್ಲರೂ ಅದನ್ನೇ ಮರೆಯುತ್ತಾರೆ. ವಕೀಲರು ನಿನಗೇ ಬೇರೆ ಇರಲಿ. ಖರ್ಚು ಉಳಿಯುತ್ತದೆಂದು ಇಬ್ಬರಿಗೂ ಒಬ್ಬರೇ ಬೇಡ.

ಜೀವನಾಂಶ ಒಂದೇ ಗಂಟೋ ತಿಂಗಳು ತಿಂಗಳೋ ಎನ್ನುವುದರಲ್ಲಿ ನನ್ನ ಮನಸ್ಸು ಗಂಟಿನ ಕಡೆಗೇ. ಪ್ರತಿ ತಿಂಗಳೂ ಅವನ ಮುಖ ನೋಡುವುದು ತಪ್ಪುತ್ತದೆ. ಆದರೆ ಮಗುವಿನ ಹಣದ ಮಾತು ಬೇರೆ. ಅದು ಮಗುವಿನ ಹಕ್ಕು, "ನನಗೇನೂ ಬೇಡ" ಅಂತ ನೀನು ಬಿಟ್ಟುಕೊಡುವಂಥದ್ದಲ್ಲ. ಓದಿನ, ಆಸ್ಪತ್ರೆಯ ಖರ್ಚು ಯಾರು ಎಷ್ಟು ಹೊರಬೇಕು, ಬೆಲೆ ಏರಿದಂತೆ ಮೊತ್ತ ಹೇಗೆ ಏರಬೇಕು, ಎಲ್ಲವನ್ನೂ ಬಿಡಿಸಿ ಬರೆಸು.

ಜಂಟಿ ಖಾತೆಯನ್ನು ಸಿಟ್ಟಿನಲ್ಲಿ ಬರಿದು ಮಾಡಬೇಡ, ಯಾವುದನ್ನೂ ಮುಚ್ಚಿಡಬೇಡ. ಗೊತ್ತಾದರೆ ನಿನ್ನ ಉಳಿದ ಮಾತಿನ ಮೇಲೂ ಕೋರ್ಟಿಗೆ ನಂಬಿಕೆ ಹೋಗುತ್ತದೆ. ನಿನ್ನೊಬ್ಬಳ ಹೆಸರಲ್ಲಿ ಖಾತೆ ತೆರೆ, ಇಮೇಲಿನ ಪಾಸ್‌ವರ್ಡ್ ಬದಲಿಸು. ವಿಮೆಯ ನಾಮಿನಿ, ಉಯಿಲು ತಾವಾಗಿ ಬದಲಾಗುತ್ತವೆ ಅಂದುಕೊಳ್ಳಬೇಡ. ಯಾವಾಗ ಬದಲಿಸಬಹುದು ಅಂತ ವಕೀಲರನ್ನು ಕೇಳು.

ಭಾನುವಾರ ಪಾಸ್‌ಬುಕ್, ಸಾಲಪತ್ರ, ತೆರಿಗೆ ಕಾಗದ, ವಿಮೆ, ಸಿಕ್ಕಿದ್ದೆಲ್ಲದರ ನಕಲು ತಗೊಂಡು ಬಾ. ಅವರು ಕಳಿಸಿದ ಕರಡನ್ನೂ ತಾ, ಸಹಿ ಹಾಕದೆ. ಸಾಲು ಸಾಲು ಇಬ್ಬರೂ ಕೂತು ಓದೋಣ. ಮಗುವನ್ನು ಅಪ್ಪ ನೋಡಿಕೊಳ್ಳುತ್ತಾರೆ.

ನಿನ್ನ
ಅಮ್ಮ